ಹನುಮಿ ಆಡಿದ ಅಡುಗೆಯಾಟ

ಚನ್ನಪಟ್ಟಣ, ಕೆರೆಯಾಚೆಯ ಗುಡಿಸಲು
ವಿರೋಧಿಕೃತು ಸಂವತ್ಸರ, ಮಾರ್ಗಶಿರ ಬಹುಳ
ಡಿಸೆಂಬರ್ ೧೯೧೧

ಹೆತ್ತಮ್ಮನಂತೆ ನನ್ನನ್ನು ಸಾಕಿದ ಅಕ್ಕ ಸರ್ವಮಂಗಳೆಗೆ ತಂಗಿ ಗಿರಿಜೆ ಶರಣು ಮಾಡಿ ಬರೆಯುವುದು.

"ನಾವೆಲ್ಲ ಕ್ಷೇಮ" ಎಂದು ಬರೆಯಲು ಕೈ ತಾನಾಗಿಯೇ ಹೋಗುತ್ತದೆ. ಈ ದಿನ ಬೆಳಗ್ಗೆ ಮಗಳು ವಿಮಲೆಯ ಕಂಕುಳು, ಕತ್ತು, ತೊಡೆಸಂದು ಎಲ್ಲ ಒತ್ತಿ ನೋಡಿದೆ. ನನ್ನದನ್ನೂ ನೋಡಿಕೊಂಡೆ. ಎಲ್ಲಿಯೂ ಗಡ್ಡೆ ಇಲ್ಲ. ಆದ್ದರಿಂದ ಇವತ್ತಿನ ಮಟ್ಟಿಗೆ ಕ್ಷೇಮ ಎಂದು ತಿಳಿದುಕೋ.

ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ತಡವಾಯಿತೆಂದು ಸಿಟ್ಟು ಮಾಡಬೇಡ. ಊರು ಬಿಟ್ಟು ಈ ತೆಂಗಿನ ಗರಿಯ ಗುಡಿಸಲಿಗೆ ಬಂದಾಗಿನಿಂದ, ಕಾಗದದ ಜೊತೆಗೆ ಈ ಪ್ಲೇಗಿನ ಮಾರಿಯೂ ನಿನ್ನ ಮನೆಗೆ ಬಂದುಬಿಟ್ಟರೆ ಎಂಬ ಹೆದರಿಕೆ. ಕಾಗದಕ್ಕೆ ಅದು ಅಂಟುವುದಿಲ್ಲವೆಂದು ಡಾಕ್ಟರರು ಹೇಳಿದರು. ಆದರೂ ಮುನಿಯಮ್ಮನ ಕೈಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಿಡಿಸಿಯೇ ಟಪಾಲಿಗೆ ಹಾಕುತ್ತೇನೆ. ಮುನಿಯಮ್ಮ ಯಾರೆಂದು ನಿನಗೆ ಗೊತ್ತಲ್ಲ, ಮನೆಮನೆಗೂ ಹೋಗಿ ಹೆಣ್ಣುಮಕ್ಕಳನ್ನು ನಮ್ಮ ಸ್ಕೂಲಿಗೆ ಕರೆತರುವವಳು.

"ವಿಮಲೆಯನ್ನು ಕರೆದುಕೊಂಡು ಮಾಗಡಿಗೆ ಬಂದುಬಿಡು" ಎಂದು ಬರೆದಿದ್ದೀಯೆ. ಓದಿ ಅಳು ಬಂತು. ಆದರೆ ನಿನ್ನ ಮನೆ ತುಂಬ ಮಕ್ಕಳು. ಗಡ್ಡೆ ಎಂಬುದು ಇವತ್ತು ಇಲ್ಲದಿದ್ದರೂ ನಾಳೆ ಏಳಬಹುದು. ಬರಲಾರೆ.

ಇನ್ನು ನೀನು ಕೇಳಿದ ಮಾತು. "ಯಾರದೋ ಮನೆಯ ಹೆಂಚು ಕೀಳಿಸಿದೆಯಂತೆ, ಸಾಯುವ ಮುದುಕಿಯನ್ನು ಹಿಡಿದುಕೊಟ್ಟೆಯಂತೆ. ಮಾಗಡಿ ಸಂತೆಯಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ, ಸುಳ್ಳು ತಾನೇ ಗಿರಿಜೆ?" ಎಂದಿದ್ದೀಯೆ. ಸುಳ್ಳಲ್ಲ ಅಕ್ಕ. ನಡೆದದ್ದನ್ನು ನನ್ನ ಬಾಯಿಂದಲೇ ಕೇಳು.

ನಾನು ಮೈಸೂರಿನಲ್ಲಿ ತರಬೇತಿ ಮುಗಿಸಿ ಇಲ್ಲಿಗೆ ಬಂದಾಗ ಮಗ್ಗಿ ಬಾಯಿಪಾಠ ಮಾಡಿಸುವುದನ್ನು ಬಿಟ್ಟು ಆಟದಲ್ಲಿ ಲೆಕ್ಕ ಕಲಿಸಲು ಶುರುಮಾಡಿದ್ದು ನಿನಗೆ ತಿಳಿದೇ ಇದೆ. ಬೊಂಬೆ ಮಾಡುವ ಇದ್ರೀಸ್ ಸಾಬರು ಅರಗಿನ ಬಣ್ಣ ಹಚ್ಚಿದ ಪುಟ್ಟ ಪುಟ್ಟ ಮರದ ತಟ್ಟೆ, ಗಡಿಗೆ, ಒರಳು, ಬೊಂಬೆಗಳನ್ನು ಕಡೆದು ಕೊಟ್ಟಿದ್ದರು. ಮಕ್ಕಳು ಗುಂಪು ಗುಂಪಾಗಿ ಕೂತು ಅಡುಗೆಯಾಟ ಆಡುವುದು. ನಿಮ್ಮ ಮನೆಯಲ್ಲಿ ಎಷ್ಟು ಜನ, ಅಷ್ಟು ತಟ್ಟೆ ಇಡು. ತಟ್ಟೆಗೆ ಎರಡು ಮುದ್ದೆಯಾದರೆ ಒಟ್ಟು ಎಷ್ಟು ಮುದ್ದೆ ಕಟ್ಟಬೇಕು? ಹಬ್ಬಕ್ಕೆ ನೆಂಟರು ಬಂದರೆ? ಹೀಗೆ. "ಆಟ ಆಡೋಕೆ ಇಸ್ಕೂಲು ಯಾಕವ್ವ, ನಮ್ಮ ಬೀದೀಲಿ ಮಣ್ಣಿಲ್ವಾ?" ಎಂದು ಮೊದಮೊದಲು ನಕ್ಕವರೂ, ಮಕ್ಕಳು ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳತೊಡಗಿದಾಗ ಸುಮ್ಮನಾದರು. ವಿಮಲೆಯ ಅಪ್ಪ ತೀರಿಹೋದ ಮೇಲೆ ನನಗೆ ಮತ್ತೆ ನಗು ಬಂದದ್ದು ಆ ಮಕ್ಕಳ ನಡುವೆಯೇ.

ದೀಪಾವಳಿ ಕಳೆದ ಮೇಲೆ ಪೇಟೆಯಲ್ಲಿ ಇಲಿಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿ ಹಬ್ಬಿತು. ಕಾಯಿಲೆ ಬಿದ್ದವರನ್ನು ಊರಾಚೆಯ ಶೆಡ್ಡಿಗೆ ಸಾಗಿಸಬೇಕು, ಮನೆಯವರು ಬೇರೆ ಗುಡಿಸಲಲ್ಲಿರಬೇಕು, ಮನೆಯ ಹೆಂಚು ಕಿತ್ತು ಬಿಸಿಲು ಬೀಳಿಸಬೇಕೆಂದು ಡಂಗುರ ಸಾರಿದರು. ಜನ ಪ್ಲೇಗಿಗಿಂತ ಆ ಶೆಡ್ಡಿಗೆ ಹೆಚ್ಚು ಹೆದರಿದರು. ಒಳಗೆ ಹೋದವರು ತಿರುಗಿ ಬರುವುದಿಲ್ಲ, ಅಲ್ಲಿ ಏನೋ ಕುಡಿಸಿ ಮುಗಿಸಿಬಿಡುತ್ತಾರೆ ಎಂದೆಲ್ಲ ಮಾತು. ನಾನು ಮಾತ್ರ ಸ್ಕೂಲು ನಡೆಸುತ್ತಲೇ ಇದ್ದೆ. ನಮ್ಮ ಬೀದಿಯಲ್ಲಿ ಇನ್ನೂ ಇಲಿ ಬಿದ್ದಿರಲಿಲ್ಲ.

ಗಂಗಹನುಮಯ್ಯ ಎಂಬಾತ ಸ್ಕೂಲಿನ ಬೀದಿಯಲ್ಲೇ ಪುರಿಕಡಲೆ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ಹನುಮಂತಮ್ಮ, ನಾವೆಲ್ಲ ಹನುಮಿ ಎನ್ನುತ್ತೇವೆ. ನಮ್ಮ ವಿಮಲೆಯ ಓರಗೆಯವಳು, ಅವಳ ಜೀವದ ಗೆಳತಿ. ಆ ದಿನ ಇಬ್ಬರೂ ಒಂದೇ ಗುಂಪಿನಲ್ಲಿ ಕೂತಿದ್ದರು. ಹನುಮಿ ಅಪ್ಪ, ಅವ್ವ, ಅಣ್ಣ, ತಾನು ಎಂದು ನಾಲ್ಕು ತಟ್ಟೆ ಇಟ್ಟಳು. ಆಮೇಲೆ ಐದನೆಯದೊಂದನ್ನು ತೆಗೆದು ಬೆನ್ನ ಹಿಂದಿನ ಮಂಕರಿಯ ಅಡಿಗೆ ತಳ್ಳಿದಳು.

"ಎಷ್ಟು ತಟ್ಟೆ ಹನುಮಿ?" ಎಂದೆ.

"ಯೋಳಕೆ ನಾಕು ಅಮ್ಮನೋರೆ. ಬಡ್ಸಾಕೆ ಐದು."

ನಾನು ನಕ್ಕುಬಿಟ್ಟೆ ಅಕ್ಕ. ಜಾಣತನದ ಮಾತೆಂದುಕೊಂಡೆ. "ಅದು ಯಾರ ತಟ್ಟೆಯೇ?" ಎಂದು ಕೇಳಿದೆ.

"ಅಜ್ಜೀದು. ಅಜ್ಜಿ ಕನಕಪುರಕ್ಕೆ ಹೋಗೈತೆ, ಯಾರು ಕೇಳುದ್ರೂ ಅಂಗೇ ಅನ್ಬೇಕು" ಎಂದವಳೇ ಮಂಕರಿಯನ್ನು ಎತ್ತಿದಳು. ಅದರ ಕೆಳಗೆ ಒಂದು ಬೊಂಬೆಯನ್ನು ಮಲಗಿಸಿದ್ದಳು. ಬೊಂಬೆಯ ತೋಳಿನ ಕೆಳಗೆ ಒದ್ದೆ ಬಟ್ಟೆಯ ಉಂಡೆ. ಅದರ ಬಾಯಿಯ ಮೇಲೆ ಬೆರಳಿಟ್ಟು, ಥೇಟ್ ದೊಡ್ಡ ಹೆಂಗಸಿನ ದನಿಯಲ್ಲಿ ಪಿಸುಗುಟ್ಟಿದಳು: "ಸುಮ್ಕಿರತ್ತೆ, ನಳ್ಳಬ್ಯಾಡ. ಕೇಳುಸ್ಕಂಡ್ರೆ ಎತ್ಕಂಡೋಯ್ತಾರೆ."

ನಾನು ನೋಡುತ್ತಿದ್ದಂತೆ ವಿಮಲೆ ತನ್ನ ಲಂಗದ ಅಂಚನ್ನು ಒದ್ದೆ ಮಾಡಿಕೊಂಡು, "ನಮ್ಮ ಬೊಂಬೆಗೂ ಗಡ್ಡೆ" ಎಂದು ಅದರ ಕಂಕುಳಿಗೆ ಒತ್ತಿದಳು. ಪಕ್ಕದವಳೂ ಹಾಗೆಯೇ ಮಾಡಿದಳು. ಗುಂಪಿನ ಮಕ್ಕಳೆಲ್ಲ ಬೊಂಬೆಗಳನ್ನು ಮಲಗಿಸಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡು "ಸುಮ್ಕಿರು, ಸುಮ್ಕಿರು" ಎನ್ನತೊಡಗಿದರು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಹನುಮಿಯನ್ನು ಪಕ್ಕಕ್ಕೆ ಕರೆದೆ. "ನಿಜವಾಗಿಯೂ ಅಜ್ಜಿಗೆ ಹೀಗಾಗಿದೆಯೇನೇ ಕಂದ?" ಎಂದೆ. ಅವಳ ಮುಖ ಬಿಳಿಚಿಕೊಂಡಿತು. "ಇಲ್ಲ ಅಮ್ಮನೋರೆ, ಆಟ. ಬರೀ ಆಟ" ಎಂದಳು.

ಮಕ್ಕಳನ್ನು ಬೇಗ ಮನೆಗೆ ಕಳಿಸಿದೆ. ಅವರು ಮುಟ್ಟಿದ ತಟ್ಟೆ, ಬೊಂಬೆಗಳನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟೆ. ಅರಗು ಕರಗಿ ಕೆಂಪು ಹಳದಿ ಒಂದರೊಳಗೊಂದು ಹರಿಯಿತು. ಆಮೇಲೆ ಮುನಿಯಮ್ಮನನ್ನು ಜೊತೆಗೆ ಕರೆದುಕೊಂಡು ಹನುಮಿಯ ಮನೆಗೆ ಹೋದೆ.

ಅವಳ ತಾಯಿ ಯಲ್ಲಮ್ಮ ಬಾಗಿಲಿಗೆ ಅಡ್ಡಲಾಗಿ ನಿಂತಳು. "ಅತ್ತೆ ಕನಕಪುರಕ್ಕೆ ಹೋಗವ್ರೆ" ಎಂದಳು, ನಾನು ಕೇಳುವ ಮೊದಲೇ. ಅಷ್ಟರಲ್ಲಿ ಒಳಗಿನಿಂದ ನರಳುವ ದನಿ ಬಂತು. ಯಲ್ಲಮ್ಮ ಜೋರಾಗಿ ಕೆಮ್ಮತೊಡಗಿದಳು. ಆ ನರಳಾಟ ಮುಗಿಯುವವರೆಗೂ ಕೆಮ್ಮಿದಳು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಗೆ ಯಾರು ಯೋಳಿದ್ದು?" ಎಂದಳು.

ನನ್ನ ದೃಷ್ಟಿ ಅವಳ ಸೆರಗಿನ ಹಿಂದೆ ನಿಂತಿದ್ದ ಹನುಮಿಯ ಕಡೆಗೆ ಹರಿಯಿತು. ತಾಯಿ ಹಿಂತಿರುಗಿ ಮಗಳನ್ನು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನನ್ನ ಕಾಲು ಹಿಡಿದಳು.

"ಒಸಿ ದಿನ ಬುಟ್ಬುಡಿ ಅಮ್ಮನೋರೆ. ನನ್ ಮದ್ವೆ ಆದಾಗಿಂದ ಒಂದಿನ ನನ್ನ ನೋಯ್ಸಿಲ್ಲ ಆಯಮ್ಮ. ಆ ಶೆಡ್ಡಲ್ಲಿ ಕುಡಿಯೋಕೆ ನೀರು ಕೊಡೋರಿಲ್ದೆ ಸತ್ರೆ ನನ್ ಕೈಲಿ ತಡಿಯಕಾಯ್ತದಾ?"

"ಯಲ್ಲಮ್ಮ, ಹನುಮಿ ಅಜ್ಜಿಯ ಹತ್ತಿರ ಹೋಗುತ್ತಾಳಾ?"

"ಆಯಮ್ಮನ್ ಪಕ್ಕದಲ್ಲೇ ಮನೀಕತಾಳೆ. ಅಜ್ಜಿ ಬುಟ್ಟು ನಿದ್ದೆ ಬರಾಕಿಲ್ಲ ಅವಳ್ಗೆ."

ಮನೆಯ ಮುಂದುಗಡೆಯೇ ಅಂಗಡಿ. ಗಂಗಹನುಮಯ್ಯ ಏನೂ ಆಗದವನಂತೆ ಕೂತು ಪುರಿ ಅಳೆದು ಕೊಡುತ್ತಿದ್ದ. ಒಬ್ಬ ಹೆಂಗಸು ಸೆರಗೊಡ್ಡಿ ಪುರಿ ಹಾಕಿಸಿಕೊಂಡಳು. ಅವಳ ಸೊಂಟದ ಮೇಲಿದ್ದ ಮಗು ಒಂದು ಹಿಡಿ ಬಾಚಿ ಬಾಯಿಗೆ ಹಾಕಿಕೊಂಡಿತು. ಅದನ್ನು ಕಂಡ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಸಂಜೆಯ ದೀಪ ಹಚ್ಚುವ ಹೊತ್ತಿಗೆ, ಪ್ಲೇಗಿನ ಉಸ್ತುವಾರಿಗೆಂದು ಬಂದಿದ್ದ ಆಫೀಸರ ಬಿಡಾರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ದಾರಿಯುದ್ದಕ್ಕೂ ಮುನಿಯಮ್ಮ, "ಬ್ಯಾಡ ಕಣವ್ವ, ಊರೊಳ್ಗೆ ಬಾಳಾಕೆ ಬುಡಾಕಿಲ್ಲ" ಎನ್ನುತ್ತಲೇ ಬಂದಳು. ಆದರೂ ನನ್ನ ಕೈ ಬಿಡಲಿಲ್ಲ.

ಮರುದಿನ ಬೆಳಗ್ಗೆ ಜವಾನರು ಬಂದರು. ಮುದುಕಿಯನ್ನು ರಾಗಿ ತುಂಬುವ ವಾಡೆಯ ಹಿಂದಿನ ಕತ್ತಲೆ ಮೂಲೆಯಿಂದ ಕಂಬಳಿಯಲ್ಲಿ ಹೊತ್ತು ತಂದರು. ಆಕೆ ಯಾರನ್ನೂ ಬೈಯಲಿಲ್ಲ ಅಕ್ಕ, "ಮಗಾ ಹನುಮಿ, ಎಲ್ಲಿದ್ದೀಯ" ಎಂದಷ್ಟೇ ಕೂಗುತ್ತಿದ್ದಳು. ಹನುಮಿಯನ್ನು ಅವಳಣ್ಣ ಬಿಗಿಯಾಗಿ ಹಿಡಿದುಕೊಂಡಿದ್ದ. ಅಂಗಡಿಯ ಪುರಿಯನ್ನೆಲ್ಲ ಬೀದಿಗೆ ಸುರಿದು ಬೆಂಕಿ ಹಚ್ಚಿದರು. ಹೆಂಚು ಕಿತ್ತರು. ನೀನು ಸಂತೆಯಲ್ಲಿ ಕೇಳಿದ್ದು ಇದನ್ನೇ. ಮುದುಕಿ ಶೆಡ್ಡಿನಲ್ಲಿ ಮೂರನೆಯ ದಿನ ತೀರಿಕೊಂಡಳು. ಹತ್ತಿರ ಇರಲು ಮನೆಯವರನ್ನು ಬಿಡಲಿಲ್ಲ.

ಆ ಬೀದಿಯನ್ನೆಲ್ಲ ಖಾಲಿ ಮಾಡಿಸಿ ನಮ್ಮನ್ನೂ ಇಲ್ಲಿಗೆ ತಂದರು. ಖಾಲಿ ಮಾಡಿಸುವಾಗ ಹನುಮಿಯ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಸತ್ತ ಇಲಿಗಳು ಸಿಕ್ಕವು. ಆ ಮನೆಯಲ್ಲಿ ಇಬ್ಬರಿಗೆ ಕಾಯಿಲೆ ಬಂತು, ಒಬ್ಬ ಉಳಿದ. ಬೇರೆ ಯಾರಿಗೂ ಇನ್ನೂ ಏನೂ ಆಗಿಲ್ಲ. "ತಡಮಾಡಿದ್ದರೆ ಈ ಬೀದಿಯ ಮಕ್ಕಳಲ್ಲಿ ಅರ್ಧ ಜನ ಉಳಿಯುತ್ತಿರಲಿಲ್ಲ" ಎಂದು ಡಾಕ್ಟರರು ನನ್ನೆದುರಿಗೇ ಹೇಳಿದರು. ಆ ಮಾತನ್ನು ನಾನು ದಿನವೂ ಜಪದಂತೆ ಹೇಳಿಕೊಳ್ಳುತ್ತೇನೆ. ಸ್ವಲ್ಪ ಹೊತ್ತು ಧೈರ್ಯ ಬರುತ್ತದೆ, ಮತ್ತೆ ಹೋಗುತ್ತದೆ.

ಯಲ್ಲಮ್ಮ ಮೊನ್ನೆ ನೀರಿನ ಹತ್ತಿರ ಎದುರಾದಳು. ನಾನು ದಾರಿ ಬಿಟ್ಟು ನಿಂತೆ. ಅವಳೇ ಬಿಂದಿಗೆ ಇಳಿಸಿ ಮಾತಾಡಿದಳು. "ನನ್ ಮಗ್ಳು ಉಳ್ಕಂಡ್ಲು. ಅದುಕ್ಕೆ ನಿಮ್ ಕಾಲಿಗ್ ಬೀಳ್ಬೇಕು. ಆದ್ರೆ ನಿಮ್ ಮೊಕ ನೋಡಕ್ಕಾಯ್ತಿಲ್ಲ ಅಮ್ಮನೋರೆ. ಒಸಿ ದಿನ ನನ್ ಕಣ್ಣಿಗೆ ಬೀಳ್ಬ್ಯಾಡಿ." ಇಷ್ಟು ಹೇಳಿ ಬಿಂದಿಗೆ ಎತ್ತಿಕೊಂಡು ಹೋದಳು. ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಇನ್ನೂ ಒಂದು ನಡೆಯಿತು. ನನಗೆ ಹೆಚ್ಚು ಭಯವಾದದ್ದು ಅದರಿಂದಲೇ. ಇಲ್ಲಿನ ಮಕ್ಕಳು ದಿನವೆಲ್ಲ ಗುಡಿಸಲೊಳಗೆ ಹೆದರಿ ಕೂತಿರುತ್ತಾರೆಂದು, ಹುಣಸೆ ಮರದ ಕೆಳಗೆ ಮತ್ತೆ ಪಾಠ ಶುರುಮಾಡಿದ್ದೆ. ಇದ್ರೀಸ್ ಸಾಬರು ಒಂದು ಚೀಲದ ತುಂಬ ಹೊಸ ಆಟದ ಸಾಮಾನು ತಂದು, "ಸುಟ್ಟಿದ್ದು ಸುಟ್ಟೋಯ್ತಮ್ಮಾ, ಮಕ್ಳು ಆಡ್ಲಿ" ಎಂದು ಇಟ್ಟು ಹೋದರು. ಅದೇ ವಾರ ಆ ಆಫೀಸರು ಕುದುರೆಯ ಮೇಲೆ ಬಂದರು. ಬಹಳ ಸಂತೋಷದಲ್ಲಿದ್ದರು.

"ಆಟದ ಪಾಠವೆಂದರೆ ಕಾಲಹರಣ ಅಂದುಕೊಂಡಿದ್ದೆ. ನಮ್ಮ ಜವಾನರೆಲ್ಲ ಸೇರಿ ಮಾಡಲಾಗದ್ದನ್ನು ನಿಮ್ಮ ಅಡುಗೆಯಾಟ ಮಾಡಿತು. ಇನ್ನು ಮೇಲೆ ದಿನವೂ ಅದನ್ನೇ ಆಡಿಸಿ. ಯಾವ ಮಗು ಯಾರನ್ನು ಎಲ್ಲಿ ಬಚ್ಚಿಟ್ಟು ಆಡಿತು ಎಂಬುದನ್ನು ಸಂಜೆ ನನಗೆ ತಿಳಿಸಿ" ಎಂದರು.

ಹೇಗೋ ಧೈರ್ಯ ಮಾಡಿ, "ಬೇಕಾದರೆ ದೊಡ್ಡವರನ್ನು ನಾನೇ ಹೋಗಿ ಕೇಳುತ್ತೇನೆ, ಕೈಮುಗಿದು ಬುದ್ಧಿ ಹೇಳುತ್ತೇನೆ. ಮಕ್ಕಳ ಆಟವನ್ನು ಕದ್ದು ನೋಡಿ ತಿಳಿಸಲಾರೆ ಸ್ವಾಮಿ. ಅದು ಗೊತ್ತಾದರೆ ಮಕ್ಕಳು ಎಂದೂ ಬಾಯಿ ಬಿಡುವುದಿಲ್ಲ" ಎಂದೆ.

ಅವರು ಸಿಟ್ಟಾಗಲಿಲ್ಲ, ಸೋಜಿಗದಿಂದ ನನ್ನನ್ನು ನೋಡಿದರು. "ಮೊದಲನೆಯ ಸಲ ನೀವೇ ತಾನೇ ಬಂದು ಹೇಳಿದ್ದು, ಅಮ್ಮ?" ಎಂದರು.

ನಿಜ ಅಕ್ಕ, ಹೇಳಿದ್ದು ನಾನೇ. ಆದರೂ ಆಗುವುದಿಲ್ಲವೆಂದೇ ಹೇಳಿ ಕಳಿಸಿದೆ. ಮೇಲಿನವರಿಗೆ ಬರೆಯುತ್ತೇನೆಂದು ಹೇಳಿ ಹೋಗಿದ್ದಾರೆ. ಕೆಲಸ ಹೋದರೆ ವಿಮಲೆಯೂ ನಾನೂ ನಿನ್ನ ಬಾಗಿಲಿಗೇ ಬರಬೇಕಾದೀತು. ಆದರೆ ಈ ಮಾರಿ ಊರು ಬಿಟ್ಟ ಮೇಲೆಯೇ, ಅದಕ್ಕೆ ಮೊದಲು ಅಲ್ಲ.

ನಿಮ್ಮ ಕಡೆ ಇಲಿ ಬಿದ್ದದ್ದು ಕಂಡರೆ ಒಂದು ದಿನವೂ ಕಾಯಬೇಡ, ಹೊಲದ ಮನೆಗೆ ಹೋಗಿಬಿಡು. ಭಾವನವರಿಗೆ ನನ್ನ ಶರಣು ತಿಳಿಸು. ಮಕ್ಕಳೆಲ್ಲ ನೂರು ಕಾಲ ಬಾಳಲಿ, ಗಟ್ಟಿಯಾಗಿ ನಗುತ್ತ ಬೆಳೆಯಲಿ. ನಿನ್ನ ಕೈ ನನ್ನ ತಲೆಯ ಮೇಲಿದೆಯೆಂದು ತಿಳಿದು ಇವತ್ತು ಮಲಗುತ್ತೇನೆ.

ಇತಿ ನಿನ್ನ ತಂಗಿ,
ಗಿರಿಜಾಂಬ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸು ಬಂದಿರಲಿಲ್ಲ. ನಿನ್ನೆ ಗುಡಿಸಲ ಹಿಂದೆ ವಿಮಲೆಯ ದನಿ ಕೇಳಿಸಿತು. ಹನುಮಿಯೂ ಬಂದಿದ್ದಳು. ಇಬ್ಬರೂ ಮಣ್ಣಲ್ಲಿ ಒಲೆ ಹೂಡಿ ಅಡುಗೆಯಾಟ ಆಡುತ್ತಿದ್ದರು. ಎಷ್ಟು ದಿನಗಳ ಮೇಲೆ ಇವರಿಬ್ಬರ ಆಟದ ಸದ್ದು ಕಿವಿಗೆ ಬಿತ್ತೆಂದು ಆಸೆಯಿಂದ ಹತ್ತಿರ ಹೋದೆ. ನನ್ನ ನೆರಳು ಬೀಳುತ್ತಲೇ ಹನುಮಿ ಎದ್ದು ಓಡಿಹೋದಳು. ವಿಮಲೆ ಓಡಲಿಲ್ಲ. ಒಲೆಯನ್ನು ಕಾಲಿಂದ ಕೆಡವಿ, ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಳು. "ಆಡೇ ಕಂದ, ಯಾಕೆ ನಿಲ್ಲಿಸಿದೆ?" ಎಂದೆ. "ನೀನು ಆ ಕಡೆ ಹೋಗಮ್ಮ, ಆಮೇಲೆ ಆಡ್ತೀನಿ" ಎಂದಳು.