ಲೋಖಂಡನ ಕ್ಷಮಾವಾಣಿ

...ಇಲ್ಲ, ಇದೂ ಸರಿಯಾಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ ಮೃಣಾಲ, ಬೇಸರ ಮಾಡಿಕೊಳ್ಳಬೇಡ. ನಾಲ್ಕು ಸಲ ರೆಕಾರ್ಡ್ ಮಾಡಿ ನಾಲ್ಕು ಸಲವೂ ಅಳಿಸಿದೆ. ಮೊದಲ ಮೂರು ಮರಾಠಿಯಲ್ಲಿದ್ದವು. ಮಗಳ ಹತ್ತಿರ ಮಾತಾಡಿದ ಹಾಗಿರಲಿಲ್ಲ, ಮಾಲು ಯಾಕೆ ತಡವಾಯಿತೆಂದು ಗಿರಾಕಿಗೆ ಸಬೂಬು ಹೇಳಿದ ಹಾಗಿತ್ತು. ನಾಲ್ಕನೆಯದನ್ನು ಕನ್ನಡದಲ್ಲಿ ಹೇಳಿದೆ, ಅದರ ನಡುವೆ ಕೆಳಗೆ ಗುಜರಿ ಕೊಳ್ಳುವ ಭಂಗಾರದವನು ಒದರುತ್ತ ಹೋದ. ಇದು ಐದನೆಯದು.

ಪತ್ರ ಅಂದಮೇಲೆ ತಲೆಯ ಮೇಲೆ ತಾರೀಖು ಇರಬೇಕು. ಮಿರಜ, ಸೆಪ್ಟೆಂಬರ್ ಎಂಟು, ಎರಡು ಸಾವಿರದ ಇಪ್ಪತ್ತೈದು, ಸೋಮವಾರ, ಸಂಜೆ ಐದು. ಗಚ್ಚಿಯ ಮೇಲೆ ನೀರಿನ ಟಾಕಿಯ ನೆರಳಿನಲ್ಲಿ ಕೂತಿದ್ದೇನೆ. ಚಿರಂಜೀವಿ ಮೃಣಾಲಳಿಗೆ ಬಾಬಾನ ಆಶೀರ್ವಾದಗಳು. ನಾನು, ನಿನ್ನ ಆಯಿ ಇಬ್ಬರೂ ಕ್ಷೇಮ. ಈ ಪತ್ರ ನಾಲ್ಕು ತಿಂಗಳು ತಡವಾಗಿದೆ. ಯಾಕೆಂದು ಗೊತ್ತಾಗುತ್ತದೆ, ನಡುವೆ ನಿಲ್ಲಿಸಬೇಡ.

ನನ್ನ ಕನ್ನಡ ಕೇಳಿ ನಗಬೇಡ. ನಿನ್ನ ಜೊತೆ ಈ ಭಾಷೆಯಲ್ಲಿ ಮಾತಾಡುತ್ತಿರುವುದು ಇದೇ ಮೊದಲು. ಲಿಂಗನೂರಿನ ಶಾಲೆಯಲ್ಲಿ ಧೋಂಡಪ್ಪ ಮಾಸ್ತರರು ಬೆತ್ತ ಹಿಡಿದು ಕಲಿಸಿದ ಪುಸ್ತಕದ ಕನ್ನಡ ಇದು. ಮನೆಯ ಕನ್ನಡ ಬೇರೆ ಇತ್ತು. ಸಾಂಗಲಿಗೆ ಡಿಪ್ಲೊಮಾ ಕಲಿಯಲು ಹೋದಾಗ ಹುಡುಗರು ನನ್ನ ಬಾಯಿ ನೋಡಿ ‘ಕಾನಡಿ’ ಎಂದು ನಗುತ್ತಿದ್ದರು. ಅವತ್ತು ಆ ಭಾಷೆಯನ್ನು ಬಾಯಿಂದ ತೆಗೆದು ಇಟ್ಟವನು ಮತ್ತೆ ಹುಡುಕಲಿಲ್ಲ.

ಮೊದಲು ಮುಖ್ಯ ಮಾತು. ಬರುವ ರವಿವಾರ ಪುಣೆಯಲ್ಲಿ ನಿನ್ನ ರ‍್ಯಾಪ್ ಕಾರ್ಯಕ್ರಮವಿತ್ತು. ಹೆಸರು ತೆಗೆಸಿಬಿಟ್ಟೆ, ಇನ್ನು ಮುಂದೆ ಹಾಡುವುದೇ ಇಲ್ಲ ಎಂದು ನಿನ್ನೆ ಆಯಿಗೆ ಹೇಳಿದೆಯಂತೆ. ಇವತ್ತು ಏಳು ಗಂಟೆಯೊಳಗೆ ಮನಸ್ಸು ಬದಲಿಸಿದರೆ ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದೂ ಹೇಳಿದೆಯಂತೆ. ನಾನು ಮಾತಾಡುತ್ತಿರುವುದು ಆ ಏಳು ಗಂಟೆಗಾಗಿ.

ಇವತ್ತು ಕ್ಷಮಾವಾಣಿ. ವರ್ಷದ ತಪ್ಪಿಗೆಲ್ಲ ನಮ್ಮ ಜೈನ ಮಂದಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಬೆಳಗಿನಿಂದ ನೂರಾ ಹನ್ನೊಂದು ಮಂದಿ ವಾಟ್ಸಾಪಿನಲ್ಲಿ ನನ್ನ ಕ್ಷಮೆ ಕೇಳಿದ್ದಾರೆ. ಒಂದು ಕಮಲ, ಅದರ ಮೇಲೆ ಮಿಣಮಿಣ ಅನ್ನುವ ದೀಪ, ಕೆಳಗೆ ‘ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸಿಗೆ ನೋವಾಗಿದ್ದರೆ’. ಕುಪವಾಡದ ನನ್ನ ಶೆಡ್ಡಿನಲ್ಲಿ ಲೇಥ್ ನಡೆಸುತ್ತಿದ್ದ ಟರ್ನರನನ್ನು ಒಡೆದು ಕರೆದುಕೊಂಡು ಹೋದ ಪಕ್ಕದ ಶೆಡ್ಡಿನವನೂ ಅದೇ ಕಮಲ ಕಳಿಸಿದ್ದಾನೆ. ತಿಳಿಯದೆ ಒಯ್ದನಂತೆ. ಏಳು ವರ್ಷ ಕೈ ಪಳಗಿದ ಟರ್ನರು ಗಾಳಿಗೆ ಹಾರಿಹೋಗಿ ಇವನ ಲೇಥಿನ ಮುಂದೆ ಬಿದ್ದಿರಬೇಕು. ನಾನೂ ಕಡಿಮೆಯವನಲ್ಲ. ಅವನ ಕಮಲವನ್ನೇ ಅವನಿಗೆ ತಿರುಗಿಸಿ ಕಳಿಸಿದೆ.

ನಿನ್ನ ಅಜ್ಜಿ, ನನ್ನ ಅವ್ವ, ಇದ್ದಾಗ ಹೀಗಿರಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಅಂಚೆ ಕಾರ್ಡು ಬರೆಯುವ ಕೆಲಸ ನನ್ನದು. ನಾನು ಅವಸರದಲ್ಲಿ ‘ತಪ್ಪಾಗಿದ್ದರೆ ಕ್ಷಮಿಸಿ’ ಎಂದು ಬರೆದು ಮುಗಿಸಿದರೆ ಕಾರ್ಡು ಕಸಿದುಕೊಳ್ಳುತ್ತಿದ್ದಳು. “ತಪ್ಪಿನ ಹೆಸರ ಬರೀ. ಹೆಸರಿಲ್ಲದ್ದಕ್ಕ ಯಾರ ಕ್ಷಮಾ ಕೊಡ್ತಾರ?” ತಂಗಿಯ ಸೊಸೆಗೆ ಅವಳ ತವರಿನ ಮಾತು ಆಡಿದ್ದು, ನೆರೆಮನೆಯವರ ಹಸುಗೂಸಿಗೆ ಕಪ್ಪು ಅಂದದ್ದು, ಎಲ್ಲ ಬರೆಸುತ್ತಿದ್ದಳು. ಅಂಚೆಯವನೂ ಓದುತ್ತಾನೆ ಅಂದರೆ “ಓದ್ಲಿ” ಅನ್ನುತ್ತಿದ್ದಳು.

ನಾನೂ ಹೆಸರಿಗೇ ಬರುತ್ತೇನೆ. ಸ್ವಲ್ಪ ಸುತ್ತಿ ಬರುತ್ತೇನೆ, ನಿನಗೆ ನನ್ನ ಚಟ ಗೊತ್ತಲ್ಲ.

ಹತ್ತು ದಿನ ದಶಲಕ್ಷಣ ಪರ್ವ, ಅದೇ ಹತ್ತು ದಿನ ಗಣಪತಿ. ಒಳಗೆ ನಾವು ಒಂದೇ ಹೊತ್ತು ಉಂಡು ಶಾಂತಿ ಜಪಿಸಬೇಕು, ಹೊರಗೆ ಡಾಲ್ಬಿ ಸ್ಪೀಕರುಗಳ ಗೋಡೆ. ಅದಕ್ಕೆ ಸಂಗೀತ ಅನ್ನುವವನನ್ನು ನನ್ನ ಪ್ರೆಸ್ ಮಷೀನಿನ ಕೆಳಗೆ ಕೂಡಿಸಬೇಕು, ಅದೂ ಹಾಗೇ ಹೊಡೆಯುತ್ತದೆ, ಪುಣ್ಯಕ್ಕೆ ಅದರ ಮುಂದೆ ಯಾರೂ ಕುಣಿಯುವುದಿಲ್ಲ. ಆದರೆ ಡಾಲ್ಬಿಯವರು ಪ್ರಾಮಾಣಿಕರು, ತಾವು ಹಾಡುತ್ತೇವೆ ಎಂದು ಅವರು ಹೇಳುವುದಿಲ್ಲ. ಆಗಸ್ಟಿನಲ್ಲಿ ಸಾಂಗಲಿಗೆ ಒಂದು ‘ಕ್ಲಾಸಿಕ್ ರಾಕ್ ಸಂಜೆ’ ಬಂದಿತ್ತು, ನಾನೂ ಸಂಜುವೂ ಹೋದೆವು. ಸಂಜು ನನ್ನ ಕ್ಯಾಸೆಟ್ಟಿನ ಕಾಲದ ಗೆಳೆಯ, ಯಾವ ಹಾಡು ಹಚ್ಚಿದರೂ ತಲೆ ಅಲ್ಲಾಡಿಸುವವನು. ವೇದಿಕೆಯ ಮೇಲೆ ನಾಲ್ವರು, ಸಭಾಗೃಹದ ಒಳಗೆ ಕರಿ ಕನ್ನಡಕ. ಗಾಯಕನ ಕೂದಲು ಬಾಡಿಗೆಯದು, ಮೂರನೇ ಹಾಡಿಗೆ ಎಡಗಡೆ ಜಾರಿತು. “ಸಾಂಗಲಿ, ತಯಾರ್ ಇದ್ದೀರಾ?” ಎಂದು ಏಳು ಸಲ ಕೇಳಿದ. ಸಾಂಗಲಿ ಕುರ್ಚಿಯಲ್ಲಿ ಕೂತು ಭಡಂಗ ಚುರುಮುರಿ ತಿನ್ನುತ್ತಿತ್ತು.

ಆಮೇಲೆ ರ‍್ಯಾಪ್ ಹುಡುಗರು ಬಂದರು. ಆ ಸೆಕೆಯಲ್ಲಿ ರಗ್ಗಿನಂಥ ಜಾಕೆಟ್. ಒಬ್ಬ ಸಾಲು ಹೇಳುತ್ತಾನೆ, ಉಳಿದ ಮೂವರು ಕೊನೆಯ ಶಬ್ದವನ್ನು ಒದರಲು ಬಂದವರು. ಕೈಯನ್ನಂತೂ ನಾಯಿಗೆ ಕೂಡು ಕೂಡು ಅಂದ ಹಾಗೆ ಕೆಳಗೆ ಕೆಳಗೆ ಆಡಿಸುತ್ತಾರೆ. ನಡುವೆ ಹಾಡುವವನು ಮೈಕು ಇಳಿಸಿ ನೀರು ಕುಡಿದ. ಅವನ ದನಿ ಮಾತ್ರ ನಿಲ್ಲದೆ ಹಾಡುತ್ತಲೇ ಇತ್ತು. ಸಂಜುಗೆ ತೋರಿಸಿದರೆ, “ಧನ್ಯಾ, ನೀ ಹಾಡ ಕೇಳಾಕ ಬಂದೀಯೋ, ಕಳ್ಳನ್ನ ಹಿಡ್ಯಾಕ ಬಂದೀಯೋ?” ಅಂದ.

ಕಳ್ಳನನ್ನು ಹಿಡಿಯಲೇ ಹೋಗುತ್ತೇನೆ. ಯಾಕೆಂದರೆ ಖರೆ ಯಾವುದೆಂದು ನನಗೆ ಗೊತ್ತು. ಮಿರಜ ಸ್ಟೇಶನ್ನಿನ ಹೊರಗೆ ಕೊಂಡ ಆ ಹಳೆಯ ಕ್ಯಾಸೆಟ್ ನಿನಗೆ ನೆನಪಿದೆಯಲ್ಲ. ಗುಂಪಿನ ಹೆಸರು ಹೇಳಿದರೆ ‘ಮುದುಕರ ಹಾಡು’ ಎಂದು ಮೂಗು ಮುರಿಯುತ್ತೀ, ಹೇಳುವುದಿಲ್ಲ. ಎಪ್ಪತ್ತರ ದಶಕದ ಯಾವುದೋ ಮೈದಾನ. ಗಾಯಕನ ಗಂಟಲು ಒಡೆಯುತ್ತದೆ. ಅವನು ನಿಲ್ಲುವುದಿಲ್ಲ, ಒಡೆದ ಗಂಟಲಿನಲ್ಲೇ ಮುಂದಿನ ಸಾಲು ಹಿಡಿಯುತ್ತಾನೆ. ಹಿಂದೆ ಡ್ರಮ್ಮಿನವನು ಅವನಿಗಾಗಿ ಕೈ ಹಗುರ ಮಾಡುತ್ತಾನೆ. ನೀನು ಕೂಸಿದ್ದಾಗ ಮಲಗದೆ ಅತ್ತರೆ ಆ ಹಗುರಾದ ನಾಲ್ಕು ಏಟನ್ನು ನಿನ್ನ ಬೆನ್ನ ಮೇಲೆ ಬೆರಳಿನಿಂದ ಹೊಡೆಯುತ್ತಿದ್ದೆ. ಐದನೆಯದಕ್ಕೆ ನೀನು ನಿದ್ದೆ ಮಾಡುತ್ತಿದ್ದೆ.

ಇನ್ನೊಂದು ನಿನಗೆ ಹೇಳಿರಲಿಲ್ಲ. ನೀನು ರ‍್ಯಾಪ್ ಹಚ್ಚಿದಾಗಲೆಲ್ಲ ‘ಇದು ಹಾಡಲ್ಲ, ನಳದ ಮುಂದಿನ ಜಗಳ’ ಎಂದು ನಾನು ಅನ್ನುತ್ತಿದ್ದೆ. ಆಮೇಲೆ ಶೆಡ್ಡಿನ ಆಫೀಸಿನ ಬಾಗಿಲು ಹಾಕಿಕೊಂಡು ಅದನ್ನೇ ನೋಡುತ್ತಿದ್ದೆ. ಒಂದೇ ಓಟದಲ್ಲಿ ಹದಿನಾರು ಸಾಲು ಹೇಳುವಾಗ ಉಸಿರನ್ನು ಎಲ್ಲಿ ಕದಿಯುತ್ತಾರೆ ಎಂದು ಹಿಂದೆ ಮುಂದೆ ಮಾಡಿ ಹುಡುಕುತ್ತಿದ್ದೆ. ಎರಡು ವರ್ಷದಲ್ಲಿ ನನಗೆ ಅದು ರಾಕ್ ಸಂಗೀತದಷ್ಟೇ ಹುಚ್ಚು ಹಿಡಿಸಿತು. ಒಪ್ಪಿಕೊಂಡರೆ ನೀನು ಗೆದ್ದ ಹಾಗೆ, ಅದಕ್ಕೆ ಒಪ್ಪಿಕೊಳ್ಳಲಿಲ್ಲ.

ನೋಡಿದ ವಿಡಿಯೋಗಳ ಕೆಳಗೆಲ್ಲ ಮರಾಠಿಯಲ್ಲಿ ಟೀಕೆ ಬರೆಯಲು ಶುರು ಮಾಡಿದೆ. ಸ್ವಂತ ಹೆಸರಿನಲ್ಲಲ್ಲ. ಕಬ್ಬಿಣದ ಕೆಲಸದವನು, ಕಬ್ಬಿಣಕ್ಕೆ ಮರಾಠಿಯಲ್ಲಿ ಅನ್ನುವ ಹೆಸರನ್ನೇ ಇಟ್ಟುಕೊಂಡೆ. ಲೋಖಂಡ.

ಹೌದು. ಆ ಲೋಖಂಡ ನಾನೇ.

ಬೈದಷ್ಟೂ ಮಂದಿ ಕೂಡುತ್ತಿದ್ದರು. ಹೊಗಳಿದರೆ ಹತ್ತು ಲೈಕು, ಉಗುಳಿದರೆ ನಾನೂರು. ಕುಪವಾಡದ ಶೆಡ್ಡಿನಲ್ಲಿ ಪಂಪಿನ ಬುಷ್ ಕೊರೆಯುವ ಧನ್ಯಕುಮಾರನನ್ನು ಯಾರು ಕೇಳುತ್ತಾರೆ, ಲೋಖಂಡ ಏನಂದ ಎಂದು ಪುಣೆಯ ಹುಡುಗರು ಕಾಯುತ್ತಿದ್ದರು. ನನಗೆ ಅದು ಸೇರುತ್ತಿತ್ತು.

ಏಪ್ರಿಲ್ಲಿನಲ್ಲಿ ಸಂಜು ಒಂದು ವಿಡಿಯೋ ಕಳಿಸಿದ. “ಕೇಳೋ, ನಮ್ಮ ಕಡೀಕಿನಾಕಿ ಅದಾಳ, ಬೆಂಕಿ ಹಚ್ಯಾಳ” ಅಂದ. ಸಾಂಗಲಿಯ ಅರಿಶಿನದ ಗೋದಾಮು, ಹಿಂದೆ ಒಟ್ಟಿದ ಚೀಲದ ಥಪ್ಪಿ, ಮುಂದೆ ಸ್ಕೂಟರ್ ಹುಡುಗಿಯರ ಹಾಗೆ ಮುಖಕ್ಕೆಲ್ಲ ಸ್ಕಾರ್ಫ್ ಕಟ್ಟಿಕೊಂಡ ಒಬ್ಬಳು. ಕಣ್ಣಿಗೂ ಕನ್ನಡಕ. ಕನ್ನಡದಲ್ಲಿ ರ‍್ಯಾಪ್, ನಮ್ಮ ಗಡಿಯ ಕನ್ನಡದಲ್ಲಿ. ನಾನು ಬರೆದೆ. ಏನು ಬರೆದೆನೆಂದು ನಿನಗೆ ಬಾಯಿಪಾಠವಿದೆ, ಆದರೂ ಹೆಸರಿಡಬೇಕಲ್ಲ, ಹೇಳುತ್ತೇನೆ. ‘ಈ ಭಾಷೆಯಲ್ಲಿ ಎಮ್ಮೆಗೆ ನೀರು ಕುಡಿಸಬಹುದು, ಹಾಡಲಾಗುವುದಿಲ್ಲ. ಮುಖ ಮುಚ್ಚಿಕೊಂಡದ್ದೊಂದೇ ಈ ಹುಡುಗಿಯ ಜಾಣತನ.’

ಅದು ನೀನೆಂದು ನನಗೆ ಗೊತ್ತಿರಲಿಲ್ಲ. ಇದನ್ನು ನೀನು ನಂಬುತ್ತೀಯೆಂದೇ ಇಟ್ಟುಕೊಳ್ಳೋಣ. ಇದು ತಿಳಿಯದೆ ಮಾಡಿದ ತಪ್ಪು, ಕಮಲದ ಚಿತ್ರದಲ್ಲಿ ಹಿಡಿಸುವಂಥದ್ದು.

ಎರಡನೆಯದು ಹಿಡಿಸುವುದಿಲ್ಲ. ಮೇ ತಿಂಗಳು, ನೀನು ರಜೆಗೆ ಬಂದಿದ್ದೆ. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಿದ್ದೆವು. ನೀನು ಫೋನು ತೆಗೆದು ಆಯಿಗೆ ಓದಿ ಹೇಳಿದೆ. ಹಾಡಿದವಳು ನಾನೇ ಆಯೀ, ನೋಡು ಯಾರೋ ಏನು ಬರೆದಿದ್ದಾನೆ ಅಂದೆ. ನನ್ನ ಕೈಯಲ್ಲಿ ಭಾಕರಿಯ ತುತ್ತು ಇತ್ತು, ಅದು ಅಲ್ಲೇ ನಿಂತಿತು. ನಿನ್ನ ಆಯಿ ಶಾಲನ ಯಾರಿಗೂ ಶಾಪ ಹಾಕುವವಳಲ್ಲ, ಅವತ್ತು “ಬರದಾವನ ಕೈಗಿ ಹುಳಾ ಬೀಳ್ಲಿ” ಅಂದಳು. ನೀನು ಅತ್ತಿರಲಿಲ್ಲ. ನನ್ನ ಕಡೆ ತಿರುಗಿದೆ. ಮರಾಠಿಯಲ್ಲೇ ಕೇಳಿದೆ, ನನ್ನ ಕಿವಿಯಲ್ಲಿ ಈಗ ಕನ್ನಡವಾಗಿ ಉಳಿದಿದೆ. “ಬಾಬಾ, ನಿಮಗ ಹಾಡಿಂದ ತಿಳೀತೈತಿ. ಖರೇ ಹೇಳ್ರಿ, ಅಂವಾ ಅಂದದ್ದು ಬರೋಬ್ಬರಿ ಐತೇನು?”

ಅಲ್ಲ ಅನ್ನಬಹುದಿತ್ತು. ನಾನೇ ಮೂರ್ಖ ಅನ್ನಬಹುದಿತ್ತು. ಸುಮ್ಮನಿದ್ದರೂ ಸಾಕಿತ್ತು. ಲೋಖಂಡನಿಗೆ ತನ್ನ ಮಾತು ತಿರುಗಿಸಿ ಗೊತ್ತಿಲ್ಲ. ನಾನೂ ಮರಾಠಿಯಲ್ಲೇ “ಬರದಾವಗ ಕಿವಿ ಐತಿ” ಅಂದೆ. ಅಂದು ತುತ್ತು ಬಾಯಿಗಿಟ್ಟೆ.

ಅವತ್ತೇ ನೀನು ಆ ವಿಡಿಯೋವನ್ನು ತೆಗೆದುಹಾಕಿದೆ. ಮರುದಿನ ನಾನು ಬರೆದದ್ದನ್ನು ಅಳಿಸಲು ಹೋದರೆ ವಿಡಿಯೋದ ಜೊತೆ ಅದೂ ಹೋಗಿತ್ತು, ಅಳಿಸುವ ಕಷ್ಟವನ್ನೂ ನೀನೇ ತೆಗೆದುಕೊಂಡಿದ್ದೆ. ಇದು ತಿಳಿದು ಮಾಡಿದ್ದು. ಇದರ ಹೆಸರು, ಮಗಳಿಗಿಂತ ನಾನೂರು ಲೈಕು ದೊಡ್ಡದೆಂದು ತಿಳಿದದ್ದು. ಇದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಕೊಡಬೇಕೆಂದಿಲ್ಲ.

ಒಂದೇ ಬೇಡಿಕೆ. ಕ್ಷಮಿಸದಿದ್ದರೂ ಏಳರೊಳಗೆ ಹೆಸರು ಸೇರಿಸು. ನನ್ನನ್ನು ಬೈದು ಒಂದು ಹಾಡು ಕಟ್ಟು, ಸಾಮಾನು ಬೇಕಾದಷ್ಟಿದೆ. ಗಂಟಲು ಒಡೆದರೂ ನಿಲ್ಲಿಸಬೇಡ. ನಿನ್ನ ಉಸಿರು ದೊಡ್ಡದಿರಲಿ, ಮೈಕು ಖರೆ ಇರಲಿ, ಮುಖಕ್ಕೆ ಸ್ಕಾರ್ಫು ಬೇಡ. ಸುಖವಾಗಿರು.

ನಿನ್ನ ಬಾಬಾ, ಧನ್ಯಕುಮಾರ. ಕಳಿಸುತ್ತಿದ್ದೇನೆ.

*

ತಾಜಾ ಕಲಮು. ಹೊತ್ತು ಆರೂ ಹತ್ತು. ಎರಡೂ ನೀಲಿ ಗೆರೆ ಬಿದ್ದಾವು, ನೀ ಕೇಳೀದಿ. ಉತ್ತರ ಇಲ್ಲ. ಇರ್ಲಿ.

ಇನ್ನೊಂದು ಉಳೀತು ಮೃಣಾಲ. ಅದನ್ನ ಮಾಸ್ತರ ಕನ್ನಡದಾಗ ಹೇಳಾಕ ಬರವಲ್ತು. ಅಜ್ಜಿ ಮಾತಿನ್ಯಾಗ ಹೇಳ್ತೇನಿ, ನಿನಗ ಅದ ತಿಳೀತೈತಿ.

ಆ ವಿಡಿಯೋ ಒಂದ ಸಲ ನೋಡಿ ಬರದಾಂವ ಅಲ್ಲ ನಾ. ಒಂಬತ್ತ ಸಲ ಕೇಳೇನಿ. ನಡುನಡುವ ಒಂದ ಸಾಲ ತಿರಿಗಿ ತಿರಿಗಿ ಬರ್ತಿತ್ತು, “ಉಣ್ಣ ಬಾ, ಹೊತ್ತ ಮುಣಗತೈತಿ.” ಅದು ನಮ್ಮವ್ವನ ಮಾತು. ದಿನಾ ಸಂಜೀಮುಂದ ಬಾಗಲದಾಗ ನಿಂತ ಹಂಗ ಕರೀತಿದ್ಳು. ಕಡೀಕ ದನಿ ಮ್ಯಾಲ ಒಯ್ದ ಬಿಡ್ತಿದ್ಳು, ನೀನೂ ಹಂಗ ಬಿಟ್ಟೀದಿ. ಅವ್ವ ಹೋಗಿ ಎರಡ ವರ್ಷ ಆಗಿತ್ತು. ಯಾವಾಕಿನೋ ಮಂದಿ ಹುಡುಗಿ ಮಾರಿ ಮುಚಗೊಂಡ ನಮ್ಮವ್ವನ್ನ ಅಣಕಸಾಕತ್ಯಾಳ ಅಂತ ನನಗ ಸಿಟ್ಟ ಬಂತು. ಎಮ್ಮಿ ಮಾತ ಅದಕ್ಕ ಬರದೆ.

ಅವ್ವನ ದನಿ ಗುರ್ತ ಸಿಕ್ತು. ನಿಂದು ಸಿಗಲಿಲ್ಲ.

ವೇದಿಕಿ ಮ್ಯಾಲಿನವ ಬಾಯಿಲೆ ಹಾಡತಾನೋ ಮಷೀನಲೆ ಹಾಡತಾನೋ ಅಂತ ಹಿಡಿಯೂ ಕಿವಿ ನಂದು. ಇಪ್ಪತ್ತೊಂದ ವರ್ಷ ನನ್ನ ಮನ್ಯಾಗ ಬೆಳದ ಮಗಳ ದನಿ ಒಂಬತ್ತ ಸಲ ಕೇಳಿ ಹಿಡೀಲಿಲ್ಲ. ಯಾಕಂದ್ರ ನೀ ಕನ್ನಡ ಮಾತಾಡೂದು ನಾ ಕೇಳೇ ಇದ್ದಿದ್ದಿಲ್ಲ. ನೀನೂ ಅಜ್ಜೀನೂ ಅಡಗಿಮನ್ಯಾಗ ಗುಜುಗುಜು ಮಾತಾಡ್ತಿದ್ರಿ. ನಾ ಹೊಸ್ತಲ ದಾಟಿದ ಕೂಡ್ಲೆ ನೀ ಮರಾಠಿ ಆಗ್ತಿದ್ದಿ. ನಾನ ಹಂಗ ಕಲಿಸಿದ್ದೆ. ಈ ಮಾತಿಗೆ ಮಂದಿ ನಗ್ತಾರ ಅಂತ ಹೇಳಿದ್ದೆ. ಮಂದಿ ಯಾರೂ ನಗಲಿಲ್ಲ. ನಕ್ಕಾಂವ ನಾ ಒಬ್ಬನ.

ತಡಿ. ಕೆಳಗಿಂದ ನಿನ್ನ ಆಯಿ ಕರ್ಯಾಕತ್ಯಾಳ, ಕೈಯಾಗ ಫೋನ್ ಐತಿ. ಏನಂತಾಳ ಅಂದ್ರ, “ಕೇಳಿಸ್ತೇನ್ರಿ, ಮೃಣಾಲ ಫೋನಿನ್ಯಾಗ ಅದಾಳ. ರವಿವಾರ ಲೋಖಂಡ ಪುಣೆಕ್ಕ ಬರ್ತಾನೋ ಇಲ್ಲೋ ನಿಮ್ಮನ್ನ ಕೇಳಂತಾಳ. ಯಾರ್ರಿ ಅಂವ, ಲೋಖಂಡ?”

ಪುಣೆಕ್ಕ ಬಂದೆ ಅಂತ ಹೇಳೇನಿ. ಇಡ್ತೇನಿ.