ನಮ್ಮ ಸಾಹೇಬ್ರು ನಗದ ಧಾರಾವಾಹಿ

ಧಾರಾವಾಹಿ ಬರಿಯೋ ಅಣ್ಣಾರಿಗೆ ಗಾದಿಲಿಂಗಪ್ಪನ ಶರಣು.

ನಾನು ಕೊಪ್ಪಳದ ಕಡಿ ಒಬ್ಬ ಶಾಸಕರ ಕಚೇರ್ಯಾಗ ಹನ್ನೆರಡು ವರ್ಷದಿಂದ ಜವಾನ ಅದೀನ್ರಿ. ಶಾಸಕರ ಕಚೇರಿ ಮ್ಯಾಲೆ ನೀವು ಬರಿಯೋ ಟಿವಿ ನಗಿ ಧಾರಾವಾಹಿ ನಮ್ಮ ಸಾಹೇಬ್ರು ಒಂದು ವಾರನೂ ಬಿಡೂದಿಲ್ಲ. ಆದ್ರ ನಗೂದಿಲ್ಲ. ಇದನ್ನೆಲ್ಲಾ ಯಾರೋ ನಿಮಗ ಹೇಳಿಕೊಟ್ಟಾರ ಅಂತ ನನ್ನ ಕಡಿ ನೋಡ್ತಾರ.

ಬಂದ ಮಂದಿ ನಿಂತು ನಿಂತು ಕಾಲು ಬಾತಿದ್ದು ನೀವು ತೋರಿಸಿದ್ರಿ. ಮರುದಿನ ನಮ್ಮಲ್ಲಿ ನಾಕು ಬೆಂಚು ಬಂದುವು. ಸಾಹೇಬ್ರು ಹಿಂದಿನ ಬಾಗಿಲಿಂದ ಜಾರಿಕೊಳ್ಳೂದು ತೋರಿಸಿದ ಮ್ಯಾಲೆ ನಮ್ಮವ್ರು ಮುಂದಿನ ಬಾಗಿಲಿಂದನ ಅಡ್ಡಾಡ್ತಾರ. ಭಾಳ ಉಪಕಾರ ಆತ್ರಿ.

ಅದಕ್ಕ ಒಂದು ವಿನಂತಿ. ಮುಂದಿನ ವಾರ ಬಸ್ಸಿನ ಅರ್ಜಿ ಒಂದು ತೋರಸ್ರಿ. ಕಾಲೇಜಿಗೆ ಹೋಗಾಕ ಮುಂಜಾನಿ ಬಸ್ ಬೇಕಂತ ತಳಕಲ್ ಊರಿನ ಹುಡುಗ್ಯಾರು ಕೊಟ್ಟ ಅರ್ಜಿ ಏಳು ತಿಂಗಳಿಂದ ನಮ್ಮ ಕಪಾಟಿನ ಮ್ಯಾಲೆ ಕುಂತೈತಿ. ನಾನು ಬಾಯಿ ಬಿಟ್ರ ಸಾಹೇಬ್ರಿಗೆ ಸಿಟ್ಟು ಬರತೈತಿ, ಟಿವ್ಯಾಗ ಬಂದ್ರ ನಾಚಿಕಿ ಬರತೈತಿ. ಮರುದಿನ ಅದನ್ನ ಧೂಳು ಝಾಡಿಸಿ ಅವರ ಟೇಬಲ್ ಮ್ಯಾಲೆ ಇಡೋ ಕೆಲಸ ನಂದು.

ನಿಮ್ಮ ಧಾರಾವಾಹಿಯ ಜವಾನ ಬಂದವರಿಗೆಲ್ಲಾ "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ" ಅಂತಾನಲ್ರಿ, ಅವನನ್ನೂ ಬಿಡಬ್ಯಾಡ್ರಿ, ಅವನ್ನ ನೋಡಿ ಮಂದಿ ಚೆಂದಂಗ ನಗೂಹಂಗ ಮಾಡ್ರಿ. ಆ ಅರ್ಜಿಯ ಮೊದಲನೇ ಸಹಿ ನನ್ನ ಮಗಳು ರೇಣುಕಾಂದು. ಅಕಿ ಬಾಗಿಲಿಗೆ ಬಂದು ಕೇಳಿದಾಗ ನಾನೂ ಅದೇ ಮಾತು ಹೇಳೀನ್ರಿ.

ಮುಂಜಾನಿ ಬಸ್ಸಿನ ದಾರಿ ಕಾಯುವ,
ಗಾದಿಲಿಂಗಪ್ಪ, ಜವಾನ