ಹೃದಯಕ್ಕೆ ಮದ್ದು

೧೨-೬-೭೯, ಮಂಗಳವಾರ
ಪ್ರಾಕ್ಟಿಕಲ್ ಮುಗಿಯಿತು. ಸೀಗೆಪುಡಿ ನೀರಿನಲ್ಲಿ ಕುಲುಕಿ ನೊರೆ ಅಳೆದದ್ದೇ ಅಳೆದದ್ದು. ಆಮೇಲೆ ಸ್ಟಾಫ್ ರೂಮಿನಲ್ಲಿ ಸುದ್ದಿ — ಔಷಧಿ ಗಿಡಗಳ ಬಗ್ಗೆ ಕಾಲೇಜಿನ ಕನ್ನಡ ಕಿರುಪುಸ್ತಕ ಗೋದಾ ಬರೆಯುತ್ತಾಳಂತೆ. ನನ್ನ ಶಿಷ್ಯೆ! ಗ್ಲೈಕೊಸೈಡಿಗೆ ಅವಳಿಟ್ಟ ಹೆಸರು 'ಸಿಹಿನಂಟು'. ಗಿಡದೊಳಗೆ ಸಕ್ಕರೆಗೆ ಇನ್ನೊಂದು ವಸ್ತು ಅಂಟಿಕೊಂಡಿರುತ್ತದಲ್ಲ, ಅದಕ್ಕೆ. ಎಲ್ಲರೂ ಆಹಾ ಎಂದರು. ಹನ್ನೊಂದು ವರ್ಷ ಅದೇ ಪಾಠ ಮಾಡಿದ್ದೇನೆ. ನನಗೇಕೆ ಹೊಳೆಯಲಿಲ್ಲ? ಹೊಟ್ಟೆ ಉರಿಯುತ್ತಿದೆ. ಸುಳ್ಳೇಕೆ ಬರೆಯಲಿ.

೩-೭-೭೯
ಪ್ರೂಫ್ ನೋಡಲು ನನಗೇ ಕೊಟ್ಟಿದ್ದಾರೆ. ಹದಿನಾಲ್ಕನೇ ಪುಟ: 'ಕಣಗಿಲೆ ಬೇರಿನ ಸಿಹಿನಂಟು ಹೃದಯಕ್ಕೆ ಮದ್ದು.' ವಿಷ ಎಂದಲ್ಲವೆ ಇರಬೇಕಾದದ್ದು? ಗೋದಾಳನ್ನು ಕೇಳಿದೆ.
"ವಿಷ ಸಂಸ್ಕೃತ ಮೇಡಂ. ಮದ್ದು ಅಚ್ಚಗನ್ನಡ. ಮದ್ದು ಹಾಕಿದ್ರು ಅಂದ್ರೆ ವಿಷ ಹಾಕಿದ್ರು ಅಂತಾನೇ ಅಲ್ವಾ?"
ಜನ ಔಷಧಿ ಎಂದುಕೊಳ್ಳುತ್ತಾರೆ ಕಣೇ... ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ. ಯಾರಾದರೂ ದೊಡ್ಡವರು ಓದಿ, ನಾಲ್ಕು ಜನರೆದುರು ಇವಳನ್ನು ನೋಡಿ ನಗಾಡಲಿ. "ಸರಿಯಾಗಿದೆ ಬಿಡು" ಎಂದು ಸಹಿ ಹಾಕಿದೆ.

೨೮-೮-೭೯
ಬಿಡುಗಡೆ. ಗೋದಾಗೆ ಶಾಲು, ಹಾರ. ಯಾರೂ ನಗಲಿಲ್ಲ. ಹದಿನಾಲ್ಕನೇ ಪುಟದವರೆಗೆ ಯಾರೂ ಹೋಗಿಲ್ಲ, ಅಷ್ಟೆ.
ಒಳಪುಟದಲ್ಲಿ ಸಣ್ಣಕ್ಷರ: 'ಪರಿಶೀಲನೆ — ಗಂಗರತ್ನಮ್ಮ.' ಅಮ್ಮ ಅದರ ಕೆಳಗೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ಎದೆ ಡವಡವ ಎನ್ನುತ್ತದೆ ಎಂದು ಇವತ್ತೂ ಹೇಳಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಈ ಭಾನುವಾರ ಆಗುವುದಿಲ್ಲ, ಪೇಪರ್ ವ್ಯಾಲ್ಯುಯೇಷನ್.

೪-೯-೭೯, ಬೆಳಗ್ಗೆ ೧೧, ಆಸ್ಪತ್ರೆ
ಅಮ್ಮನಿಗೆ ವಾಂತಿ ನಿಂತಿಲ್ಲ. ನಾಡಿ ನಲವತ್ತು. ನಮ್ಮ ಹಿತ್ತಲಿನದೇ ಕಣಗಿಲೆ. ದಿನಾ ಪೂಜೆಗೆ ಹೂವು ಕೀಳುವ ಗಿಡ. ಬೇರು ಕುದಿಸಿ ಕಷಾಯ ಕುಡಿದಿದ್ದಾಳೆ. ಒಲೆಯ ಪಕ್ಕದಲ್ಲಿ ಪುಸ್ತಕ ತೆರೆದಿತ್ತು.
ಗೋದಾ ಕಾಲೇಜಿನಿಂದ ಓಡಿಬಂದಳು. "ನಂದೇ ತಪ್ಪು ಮೇಡಂ. ನೀವು ಕೇಳಿದಾಗ್ಲೇ ತಿದ್ದಬೇಕಿತ್ತು" ಎಂದು ಒಂದೇ ಸಮ ಅಳುತ್ತಾಳೆ. ನಾನು ಸುಮ್ಮನಿದ್ದೆ. ಈಗಲೂ ಸುಮ್ಮನೇ ಇದ್ದೆ!

೧೨.೨೦
ಅಮ್ಮ ಕಣ್ಣು ಬಿಟ್ಟಳು. ಯಾಕಮ್ಮಾ ಕುಡಿದೆ ಎಂದೆ.
"ನಿನ್ ಹೆಸ್ರಿತ್ತಲ್ಲ ರತ್ನಾ... ಅದಕ್ಕೇ."
ಗೋದಾ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ಹೇಳಿಬಿಡಬೇಕು. ಅಂದು ನಾನು ಗೊತ್ತಿದ್ದೂ ಬೇಕೆಂದೇ —